ಬೆಸುಗೆ ಕಲಿಕೆ – 4: ತಪ್ಪು ಕೈಯದ್ದಲ್ಲ

ಅಪ್ಪನ ಹಳೇ ರೇಡಿಯೋ ರಿಪೇರಿಗೆ ಕೂತವಳು ಬೋರ್ಡಿನ ತಾಮ್ರದ ಪಟ್ಟಿಯನ್ನೇ ಎಬ್ಬಿಸಿಬಿಟ್ಟೆ. ಅಪ್ಪ ಏನೂ ಅನ್ನಲಿಲ್ಲ. ‘ನನ್ನ ಕೈಗೆ ಇದು ಹತ್ತಲ್ಲ’ ಅಂತ ನಾನೇ ಐರನ್ ಎತ್ತಿಟ್ಟೆ.

ಎಸ್.ಪಿ. ರಸ್ತೆಯ ಅಂಗಡಿಯವರು ಕೇಳಿದ್ರು: “ಬಿಸಿ ಎಷ್ಟಿಟ್ಟಿದ್ರಿ ಮೇಡಂ?”

ಇಡೋಕೆ ಅದರಲ್ಲಿ ಗುಂಡಿನೇ ಇರಲಿಲ್ಲ! ಪ್ಲಗ್ ಹಾಕಿದ್ರೆ ಕಾಯ್ತಾನೇ ಇರೋದು.

60/40 ಸೋಲ್ಡರ್ ಸುಮಾರು 190 ಡಿಗ್ರಿಗೇ ಕರಗುತ್ತೆ. ಟಿಪ್ 320–350ರಲ್ಲಿ ನಿಂತರೆ ಸಾಕು. ಹೊಸಬರು ಸ್ಟೇಷನ್ ಕೊಳ್ಳುವಾಗ ನೋಡಬೇಕಾದ್ದು ನಾಲ್ಕೇ:

🔸 ಇಟ್ಟ ಬಿಸಿಯಲ್ಲೇ ನಿಲ್ಲಬೇಕು
🔸 60 ವ್ಯಾಟ್ ಆಸುಪಾಸು
🔸 ಅರ್ಥಿಂಗ್ ಇರೋ ಮೂರು ಪಿನ್ ಪ್ಲಗ್
🔸 ಬಿಡಿ ಟಿಪ್ ಸುಲಭವಾಗಿ ಸಿಗಬೇಕು

ಡಿಸ್‌ಪ್ಲೇ ಚಂದ ಆಮೇಲೆ.

ಪಟ್ಟಿ ಹೋದ ಜಾಗಕ್ಕೆ ತೆಳು ವೈರ್ ಬೆಸೆದೆ. ನಿನ್ನೆ ರೇಡಿಯೋ ಗೊರಗೊರ ಅಂತು. ಅಪ್ಪ ಈಗಲೂ ಏನೂ ಅನ್ನಲಿಲ್ಲ, ಕುರ್ಚಿ ಹತ್ತಿರ ಎಳ್ಕೊಂಡು ಕೂತ್ರು.

ನಿಮ್ಮ ಮೊದಲ ಐರನ್ ಏನೇನು ಸುಟ್ಟಿತ್ತು?

#ಬೆಸುಗೆಕಲಿಕೆ