ಒಂದು ತುಂಬೆ ಹೂವು, 18 ಫೋಟೋ

ತುಂಬೆ ಹೂವನ್ನ ಹತ್ತಿರದಿಂದ ನೋಡಿದ್ದೀರಾ? ಶಿವನ ಪೂಜೆಗೆ ಅಂತ ಬುಟ್ಟಿ ತುಂಬ ಕಿತ್ತಿರ್ತೀವಿ. ಆದ್ರೆ ಸೆಂಟಿಮೀಟರಿನ ಆಸುಪಾಸಿನ ಆ ಹೂವಿನೊಳಗೆ ಏನಿದೆ ಅಂತ ಇಣುಕಿದವರು ಕಮ್ಮಿ. ಕೆ.ಆರ್. ಪುರಂನಲ್ಲಿ ನಮ್ಮನೆ ಪಕ್ಕದ ಖಾಲಿ ಸೈಟಿನ ತುಂಬ ಇದೇ ಗಿಡ. ಮುಂದಿನ ತಿಂಗಳು ಅಲ್ಲಿ ಪಾಯ ತೋಡ್ತಾರಂತೆ. ಅಷ್ಟರೊಳಗೆ ಒಂದಾದ್ರೂ ಒಳ್ಳೆ ಚಿತ್ರ ತೆಗೆದಿಟ್ಟುಕೊಳ್ಳೋ ಹಟ ನನಗೆ.

ತೊಂದರೆ ಏನು ಗೊತ್ತಾ? ಹೂವು ಎಷ್ಟಿದೆಯೋ ಅಷ್ಟೇ ಅಳತೆಯಲ್ಲಿ ಸೆನ್ಸರಿನ ಮೇಲೆ ಬೀಳುವಷ್ಟು ಹತ್ತಿರ ಮ್ಯಾಕ್ರೋ ಲೆನ್ಸ್ ಒಯ್ದರೆ, ಎಫ್ 8ರಲ್ಲಿ ಸ್ಪಷ್ಟವಾಗಿ ಸಿಗೋ ಆಳ ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ, ಅಷ್ಟೆ. ಮೇಲಿನ ತುಟಿಯ ಬಿಳಿ ರೋಮ ಚೆನ್ನಾಗಿ ಬಂದ್ರೆ ಕೆಳಗಿನ ಅಗಲದ ಎಸಳು ಮಸುಕು. ಎಫ್ 22ಕ್ಕೆ ಹೋಗಿ ಅಂತೀರಾ? ಆಳ ಹೆಚ್ಚತ್ತೆ, ನಿಜ. ಆದ್ರೆ ಅಷ್ಟು ಸಣ್ಣ ಕಿಂಡಿಯಲ್ಲಿ ತೂರಿದ ಬೆಳಕು ಹರಡಿಕೊಂಡು ಇಡೀ ಚಿತ್ರವೇ ಮೆತ್ತಗಾಗತ್ತೆ.

ಅದಕ್ಕೇ ಫೋಕಸ್ ಸ್ಟ್ಯಾಕಿಂಗ್. ಕ್ಯಾಮರಾ ಟ್ರೈಪಾಡ್ ಮೇಲೆ, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಎಲ್ಲಾ ಮ್ಯಾನ್ಯುಅಲ್. ಹೂವಿನ ತುದಿಯಿಂದ ಶುರು ಮಾಡಿ ಫೋಕಸ್ಸನ್ನ ಅರ್ಧರ್ಧ ಮಿಲಿಮೀಟರ್ ಹಿಂದಕ್ಕೆ ಸರಿಸ್ತಾ ಒಂದೊಂದೇ ಫೋಟೋ. ನನಗೆ 18 ಬೇಕಾಯ್ತು. ಪ್ರತಿಯೊಂದರಲ್ಲೂ ಸ್ಪಷ್ಟವಾಗಿರೋ ಭಾಗವನ್ನಷ್ಟೇ ಹೆಕ್ಕಿ ಹೆಲಿಕಾನ್ ಫೋಕಸ್, ಜೆರೀನ್ ಸ್ಟ್ಯಾಕರ್ ಥರದ ತಂತ್ರಾಂಶಗಳು ಒಂದು ಮಾಡಿಕೊಡ್ತವೆ. 2008ರ ಫೋಟೋಶಾಪ್ ಸಿಎಸ್4ರಿಂದ ಈಚೆಗೆ ಅದರಲ್ಲೂ ಆಗತ್ತೆ. 2017ರ ನಿಕಾನ್ ಡಿ850 ಥರದ ಕ್ಯಾಮರಾಗಳು ಸರಿಸೋ ಕೆಲಸವನ್ನೂ ತಾವೇ ಮಾಡ್ತವೆ. ನನ್ನದು ಹಳೇದು, ಬೆರಳೇ ಗತಿ.

ಆದ್ರೆ ಹೂವು ಸುಮ್ಮನಿರಬೇಕಲ್ಲ! ತುಂಬೆಯಂತೂ ಮುಟ್ಟಿದ್ರೆ ಉದುರೋ ಜಾತಿ. ಗಾಳಿ ಏಳೋ ಮುಂಚೆ, ಬೆಳಿಗ್ಗೆ ಆರೂವರೆಯೊಳಗೆ ಮುಗಿಸಬೇಕು. ಮಧ್ಯೆ ಒಂದು ಇರುವೆ ಹತ್ತಿತು ಅನ್ನಿ, ಕೂಡಿಸಿದ ಚಿತ್ರದಲ್ಲಿ ಒಂದೇ ಇರುವೆ ಮೂರು ಕಡೆ! ಇದು ಒಂದು ಕ್ಷಣದ ಚಿತ್ರ ಅಲ್ಲ ನೋಡಿ, ಎರಡು ಮೂರು ನಿಮಿಷಗಳನ್ನ ಒತ್ತಿ ಚಪ್ಪಟೆ ಮಾಡಿದ್ದು. ಹೂವಿನ ಆಕಾರದ ಮಟ್ಟಿಗೆ ಸತ್ಯ, ಹೊತ್ತಿನ ಮಟ್ಟಿಗೆ ಸುಳ್ಳು.

ಅಮ್ಮನಿಗೆ ತೋರಿಸಿದೆ. ಸೋಮವಾರ ಹಲಸೂರಿನ ಸೋಮೇಶ್ವರನಿಗೆ ತುಂಬೆ ಒಯ್ಯೋದು ಅವರ ಎಷ್ಟೋ ವರ್ಷದ ಅಭ್ಯಾಸ. ಈಗ ಕಣ್ಣಿಗೆ ಪೊರೆ ಬಂದು ಕೈಯಲ್ಲೇ ತಡಕಿ ಕೀಳ್ತಾರೆ. ಮಾನಿಟರಿಗೆ ಮೂಗು ತಾಗಿಸಿಕೊಂಡು, "ಅಯ್ಯೋ, ಇದಕ್ಕೆ ಇಷ್ಟೊಂದು ಕೂದಲು ಇದ್ಯೇನೋ!" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಎಲ್ಲಾ ಒಂದೇ ಥರ ಕಾಣ್ತಿದ್ಯಲ್ಲೋ. ಹತ್ತಿರದ್ದು ಯಾವುದು, ದೂರದ್ದು ಯಾವುದು?"

ಅವರು ಹೇಳಿದ್ದು ಸರಿ ಅನ್ನಿಸ್ತು. ಹಿಂದಿನ ದೇಟು, ಎಲೆ ಎಲ್ಲಾ ಗರಿಗರಿಯಾಗಿದ್ರೆ ಹೂವು ಗೋಡೆಗೆ ಅಂಟಿಸಿದ ಹಾಗಿರತ್ತೆ. ಕೊನೆಯ ಐದು ಫೋಟೋ ಬಿಟ್ಟು 13ನ್ನೇ ಕೂಡಿಸಿದೆ. ಹೂವು ಪೂರ್ತಿ ಸ್ಪಷ್ಟ, ಹಿಂದೆ ಹಸಿರು ಮಬ್ಬು. ಅಮ್ಮ ಇದಕ್ಕೆ ತಲೆ ಆಡಿಸಿದರು.

ಮುಂದಿನದು ಅದೇ ಸೈಟಿನ ಮುಟ್ಟಿದರೆ ಮುನಿ. ಆ ಗುಲಾಬಿ ಚೆಂಡನ್ನ ಸ್ಟ್ಯಾಕ್ ಮಾಡಿದವರು ಯಾರಾದ್ರೂ ಇದ್ದೀರಾ? ಎಷ್ಟು ಫೋಟೋ ಬೇಕಾಯ್ತು? ಬೇಗ ಹೇಳಿ, ಪಾಯದವರು ಬರೋ ಮುಂಚೆ.