63 ಎಂಎಂ ಪೈಪು

2022ರ ಮೇ ತಿಂಗಳ ಒಂದು ಭಾನುವಾರ. ಪುಣೆಯ ಧನಕವಡಿಯ ಹಳೆಯ ಸೊಸೈಟಿಯೊಂದರ ಪಾರ್ಕಿಂಗ್‌ನಲ್ಲಿ ಮಗ ಹ್ಯಾಕ್ಸಾ ಹಿಡಿದು ಪಿವಿಸಿ ಪೈಪು ಕೊಯ್ಯುತ್ತಿದ್ದ. ಹಾಲಿನ ಪಾಕೀಟು ತಂದ ಅಪ್ಪ ಪೈಪನ್ನು ನೋಡಿದ ಕೂಡಲೇ ಗುರುತು ಹಿಡಿದರು. ಬೈಲಹೊಂಗಲದ ಹೊಲದಲ್ಲಿ ಬೋರಿನಿಂದ ಕಬ್ಬಿಗೆ ನೀರು ಒಯ್ಯುತ್ತಿದ್ದದ್ದು ಇದೇ 63 ಎಂಎಂ ಪೈಪು.

“ಯಾರ ಮನಿ ನಳಾ ಕೆಟ್ಟೈತೋ?”

“ನಳಾ ಅಲ್ರೀ ಅಪ್ಪಾ, ಗಾಡಿಗೆ. ಉಸಿರಾಡಾಕ.”

ಗಾಡಿ ಅಂದರೆ 2002ರ ಮಾರುತಿ ಝೆನ್. ಮೊದಲ 15 ವರ್ಷದ ನೋಂದಣಿ ಮುಗಿದು, ಮತ್ತೆ ಪಡೆದ 5 ವರ್ಷವೂ ಜೂನ್‌ಗೆ ಮುಗಿಯುವುದಿತ್ತು. ಏಪ್ರಿಲ್ 1ರಿಂದ ಮರುನೋಂದಣಿಯ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತ್ತು. ಗುಜರಿಯವನಿಗೆ ಕೊಡುವುದೆಂದು ಅಪ್ಪ ಹೆಚ್ಚುಕಡಿಮೆ ತೀರ್ಮಾನಿಸಿದ್ದರು. ಕಾರಣ ದುಡ್ಡೊಂದೇ ಅಲ್ಲ. ಹಿಂದಿನ ದೀಪಾವಳಿ ಮುಗಿಸಿ ಅಜ್ಜಿಯನ್ನು ಊರಿಗೆ ಬಿಡಲು ಹೋಗುವಾಗ ಖಂಬಾಟ್ಕಿ ಘಾಟಿನಲ್ಲಿ ಎಸಿ ಬಂದ್ ಮಾಡಿ, ಎರಡನೇ ಗೇರಿನಲ್ಲಿ ತೆವಳಬೇಕಾಗಿತ್ತು. ಹಿಂದಿನ ಲಾರಿಗಳ ಹಾರ್ನ್ ಕೇಳಲಾಗದೆ ಅಜ್ಜಿ, “ಗಾಡಿಗೂ ನನ್ನಂಗ ದಮ್ಮ ಹತ್ತೇತೇನೋ?” ಅಂದಿದ್ದಳು. ದಮ್ಮಿನ ಅಜ್ಜಿಗೆ ಬಸ್ಸಿನ ಪ್ರಯಾಣ ಆಗದು. ಕಾರು ಹೋದರೆ ಅವಳು ಪುಣೆಗೆ ಬರುವುದೂ ನಿಂತಂತೆಯೇ.

ಮಗ ಎಂಜಿನಿಯರಿಂಗ್ ಮೂರನೇ ವರ್ಷದವನು. ಅವನ ಲೆಕ್ಕ ಸರಳ. 993 ಸಿಸಿಯ ಎಂಜಿನ್ ಎರಡು ಸುತ್ತಿಗೆ ಒಮ್ಮೆ ತನ್ನ ಹೊಟ್ಟೆ ತುಂಬಾ ಗಾಳಿ ಎಳೆಯುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಹೆಚ್ಚೆಂದರೆ 1,500 ಲೀಟರ್ ಗಾಳಿ. ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 11 ಕೆಜಿ ಗಾಳಿ ಬೇಕು. ಗಾಳಿಯ ದಾರಿ ಅಗಲ ಮಾಡಿದರೆ ಬಲ ಬರಬೇಕು. ಪೇಟೆಯ ಸಿದ್ಧ ಕಿಟ್‌ಗೆ ಸಾವಿರಗಟ್ಟಲೆ. ಇವನದು ಪೈಪು, 45 ಡಿಗ್ರಿಯ ಎರಡು ಎಲ್ಬೋ, ರಬ್ಬರ್ ತುಂಡು, ನಾಲ್ಕು ಕ್ಲ್ಯಾಂಪ್, ನಾನಾ ಪೇಠದಿಂದ ತಂದ ಶಂಕುವಿನಾಕಾರದ ಫಿಲ್ಟರ್: ಒಟ್ಟು 930 ರೂಪಾಯಿ.

ಅಪ್ಪ ಕಾರ್ಖಾನೆಯಲ್ಲಿ 31 ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವರು. ಬೇಡ ಅನ್ನಲಿಲ್ಲ. ಪೈಪಿನೊಳಗೆ ಬೆರಳಾಡಿಸಿ, “ಇದು ಫಿಲ್ಟರ್ ದಾಟಿದ ಮ್ಯಾಲಿನ ದಾರಿ. ಕೊಯ್ದ ಪುಡಿ ಉಳಿದ್ರ ಸೀದಾ ಎಂಜಿನ್ನಿಗೇ ಹೋಗ್ತೈತಿ,” ಎಂದು ಒದ್ದೆ ಬಟ್ಟೆಯಿಂದ ತಾವೇ ಒರೆಸಿಕೊಟ್ಟರು. ಎಂಜಿನ್ನಿನ ತಲೆಯಿಂದ ಬರುವ ಸಣ್ಣ ಬ್ರೀದರ್ ನಳಿಕೆಯನ್ನು ಮಗ ಜೋಡಿಸದೇ ಬಿಟ್ಟಿದ್ದ. ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಕಾರಿನೊಳಗೆಲ್ಲ ಆಯಿಲ್ ವಾಸನೆ. ಪೈಪಿಗೆ ತೂತು ಕೊರೆದು ಅದನ್ನೂ ಸೇರಿಸಿದ್ದಾಯಿತು.

ಸದ್ದು ಮಾತ್ರ ಭರ್ಜರಿ! ಆಕ್ಸಿಲರೇಟರ್ ಒತ್ತಿದರೆ ಝೆನ್ ಗುಟುರು ಹಾಕುತ್ತಿತ್ತು. “ಎಷ್ಟು ಎಳೀತದ ನೋಡ್ರೀ!” ಅಂದ ಮಗ.

“ಕಿವಿ ನಂಬಬ್ಯಾಡ. ಗಡಿಯಾರ ನಂಬು.”

ಬೆಳಿಗ್ಗೆ ಆರು ಗಂಟೆಗೆ ಕಾತ್ರಜ್ ಘಾಟಿನ ಹಳೆ ರಸ್ತೆ. ಒಂದೇ ಏರು, ಮೂರನೇ ಗೇರು, 30ರಿಂದ 50 ಕಿ.ಮೀ. ವೇಗಕ್ಕೆ ಎಷ್ಟು ಸೆಕೆಂಡ್? ಹಳೆಯ ಡಬ್ಬಿಯಲ್ಲಿ 16, ಹೊಸ ಪೈಪಿನಲ್ಲೂ 16. ಎಂಜಿನ್ ಚಾಲೂ ಇಟ್ಟು ಹತ್ತು ನಿಮಿಷ ನಿಲ್ಲಿಸಿ ಮತ್ತೆ ಓಡಿಸಿದರೆ 18. ಮೀನಿನ ತೊಟ್ಟಿಗೆ ಹಾಕುವ ವೈರಿನ ಥರ್ಮಾಮೀಟರನ್ನು ಫಿಲ್ಟರ್ ಪಕ್ಕ ಕಟ್ಟಿದಾಗ ಗುಟ್ಟು ಬಯಲಾಯಿತು. ಹೊರಗೆ 33 ಡಿಗ್ರಿ, ಬಾನೆಟ್ ಒಳಗೆ 58. ಬಿಸಿಯಾದ ಗಾಳಿ ಹಿಗ್ಗಿ ತೆಳುವಾಗುತ್ತದೆ. ಅಷ್ಟು ವ್ಯತ್ಯಾಸಕ್ಕೆ ಪ್ರತಿ ಉಸಿರಿನಲ್ಲೂ ಏಳೂವರೆ ಶೇಕಡಾ ಗಾಳಿ ಕಡಿಮೆ. ದಾರಿ ಅಗಲವಾಗಿತ್ತು, ಆದರೆ ಎಂಜಿನ್ ಕುಡಿಯುತ್ತಿದ್ದದ್ದು ಒಲೆಯ ಮುಂದಿನ ಗಾಳಿ.

ಮಗ ಪೈಪನ್ನು ಬಂಪರ್ ಕೆಳಗೆ ಇಳಿಸಲು ಹೊರಟ. ಅಲ್ಲಿ ತಂಪು ಗಾಳಿ. ಅಪ್ಪ ಕೈ ಹಿಡಿದು ತಡೆದರು. 2005ರ ಜುಲೈ 26ರಂದು, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಾಗ, ಅವರು ಕಂಪನಿ ಕೆಲಸಕ್ಕೆಂದು ಮುಂಬೈಗೆ ಹೋಗಿ ಸಿಕ್ಕಿಬಿದ್ದಿದ್ದರು. ನೀರಲ್ಲಿ ನಿಂತ ಕಾರುಗಳ ಸಾಲು ಇನ್ನೂ ಕಣ್ಣಲ್ಲಿತ್ತು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿಗೆ ನೀರು ನುಗ್ಗಿದರೆ ಕನೆಕ್ಟಿಂಗ್ ರಾಡೇ ಬಾಗುತ್ತದೆ. “ಜೂನಿನಾಗ ಅಜ್ಜಿನ್ನ ಕರಕೊಂಡು ಬರೂ ಗಾಡಿ ಇದು. ಬಾಯಿ ಮ್ಯಾಲೇ ಇರ್ಲಿ.”

ಆಮೇಲೆ ಸ್ವಲ್ಪ ತಡೆದು ಕೇಳಿದರು: “ಹಳೇ ಡಬ್ಬಿ ಬಿಚ್ಚಿ ನೋಡಿದಿ ಏನ?”

ನೋಡಿರಲಿಲ್ಲ. ಬಿಚ್ಚಿದರೆ ಒಳಗಿನ ಕಾಗದದ ಫಿಲ್ಟರ್ ರೊಟ್ಟಿ ಹಂಚಿನಷ್ಟು ಕಪ್ಪಗಿತ್ತು. ಮಡಿಕೆಗಳ ನಡುವೆ ಧೂಳು, ಒಣ ಎಲೆ, ಯಾವುದೋ ಹುಳದ ರೆಕ್ಕೆ. ಅಪ್ಪನಿಗೆ ಆಶ್ಚರ್ಯವಾಗಲಿಲ್ಲ. ಮೂರು ಸರ್ವೀಸಿನಿಂದ ಗ್ಯಾರೇಜಿನವನು ಬದಲಿಸಲೇ ಎಂದು ಕೇಳುತ್ತಲೇ ಇದ್ದ. ಇವರು, “ಹೆಂಗೂ ಮಾರೂದೈತಿ, ಬಿಡು” ಅನ್ನುತ್ತ ಬಂದಿದ್ದರು. ಸಾಯುವ ಗಾಡಿಗೆ ಯಾಕೆ ಖರ್ಚು ಅಂತ. ಈಗ ಆ ಕಪ್ಪು ಕಾಗದವನ್ನು ಕೈಯಲ್ಲಿ ತಿರುಗಿಸುತ್ತ ಬಹಳ ಹೊತ್ತು ಮಾತಾಡಲಿಲ್ಲ.

ಮಧ್ಯಾಹ್ನ ಕಂಪನಿಯ ಡಬ್ಬಿ ತನ್ನ ಜಾಗಕ್ಕೆ ಮರಳಿತು. ಒಳಗೆ ಹೊಸ ಫಿಲ್ಟರ್. ಪೈಪು ಪೂರ್ತಿ ವ್ಯರ್ಥವಾಗಲಿಲ್ಲ. ಒಂದು ಅಡಿ ಉದ್ದದ ತುಂಡು ಡಬ್ಬಿಯ ಬಾಯಿಂದ ಹೆಡ್‌ಲೈಟಿನ ಎತ್ತರದಲ್ಲಿ ಗ್ರಿಲ್‌ವರೆಗೆ ಚಾಚಿತು. ಬಿಸಿಗೆ ಪಿವಿಸಿ ಮೆತ್ತಗಾಗುತ್ತದೆಂದು ಎಂಜಿನ್ ಕಡೆಗೆ ಎಣ್ಣೆ ಡಬ್ಬಿಯ ತಗಡನ್ನು ಅಡ್ಡ ಕಟ್ಟಿದರು. ಗುಟುರು ಹೋಯಿತು. ಕಾತ್ರಜ್ ಏರಿನಲ್ಲಿ ಈಗ 14 ಸೆಕೆಂಡ್.

“ಎರಡು ಸೆಕೆಂಡಿಗೆ ಇಷ್ಟೆಲ್ಲಾ,” ಅಂದ ಮಗ, ಸ್ವಲ್ಪ ಸೋತವನಂತೆ.

ಅಪ್ಪ ಬಾನೆಟ್ ಇಳಿಸಿದರು. “ಆರ್‌ಟಿಓ ಕಾಗದಾ ಯಾವತ್ತು ತುಂಬೂದದ?”

ಜೂನ್ ಮೊದಲ ವಾರ ಖಂಬಾಟ್ಕಿಯನ್ನು ಝೆನ್ ಮೂರನೇ ಗೇರಿನಲ್ಲೇ ಹತ್ತಿತು, ಎಸಿ ಬಂದ್ ಮಾಡಿಕೊಂಡೇ. ಬರುವ ದಾರಿ ಸುರಂಗದೊಳಗಿಂದ. ಮುಂದಿನ ಸೀಟಿನಲ್ಲಿದ್ದ ಅಜ್ಜಿಗೆ ಗಾಡಿಯ ಉಸಿರು ಸುಧಾರಿಸಿದ್ದು ಗೊತ್ತೇ ಆಗಲಿಲ್ಲ. ಕತ್ತಲು ಬಂದು ಹೋಗುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು.