ಹೊಳೆಯಾಚೆಯ ಲಗ್ನಪತ್ರಿಕೆ

ಹೋದ ತಿಂಗಳು ಅಕ್ಕಲಕೋಟ ತಾಲ್ಲೂಕಿನಿಂದ ಮೊಬೈಲಿಗೆ ಒಂದು ಲಗ್ನಪತ್ರಿಕೆ ಬಂತು. ನಮ್ಮ ಸೋದರತ್ತೆಯ ಮರಿಮಗಳ ಮದುವೆ. ಮೇಲೆ ‘ಶ್ರೀ ಸಿದ್ಧಲಿಂಗ ಮಹಾರಾಜ ಪ್ರಸನ್ನ’ ಎಂದಿದೆ. ದೇವರು ಇನ್ನೂ ನಮ್ಮ ಲಚ್ಯಾಣದವನೇ. ಅಕ್ಷರ ಮಾತ್ರ ನಾಗರಿ. ಕೆಳಗೆಲ್ಲ ಮರಾಠಿ. 1978ರಲ್ಲಿ ಅದೇ ಮನೆಯಿಂದ ಬಂದ, ಮೂಲೆಗೆ ಅರಿಶಿಣ ಹಚ್ಚಿದ ಪತ್ರಿಕೆ ಕನ್ನಡದ್ದಾಗಿತ್ತು. ‘ಚಿ. ಸೌ. ಕಾಂ.’ ಅನ್ನುವುದಷ್ಟೇ ಎರಡರಲ್ಲೂ ಒಂದೇ.

ಆಗ ಅತ್ತಿಯ ಊರಿಗೆ ಹೋಗುವುದೆಂದರೆ ಲಚ್ಯಾಣ ಸ್ಟೇಶನ್ನಿನಲ್ಲಿ ಮೀಟರ್‌ಗೇಜ್ ಗಾಡಿ ಹತ್ತುವುದು. ಪಡನೂರ ಆಯಿತು, ಭೀಮಾ ಹೊಳೆ ಆಯಿತು, ಆಚೆ ತಡವಳ. ಸೇತುವೆಯ ಮೇಲೆ ಅವ್ವ ಐದು ಪೈಸೆ ಒಗೆದು ಕೈ ಮುಗಿಯುತ್ತಿದ್ದಳು. ರಾಜ್ಯ ಬದಲಾದದ್ದು ನಮಗೇನೂ ಗೊತ್ತಾಗುತ್ತಿರಲಿಲ್ಲ. ಅದೇ ಬಿಳಿಜೋಳದ ರೊಟ್ಟಿ, ಅದೇ ಶೇಂಗಾ ಹಿಂಡಿ, ಬದುವಿನ ಜಗಳವೂ ಅದೇ. ಅತ್ತಿಗೆ ಬರುತ್ತಿದ್ದ ಮರಾಠಿ ಸಂತೆಯ ಮಟ್ಟದ್ದು. ಸೋಲಾಪುರದ ಮಿಲ್ಲಿನಲ್ಲಿ ದುಡಿಯುತ್ತಿದ್ದ ಮಾವ ಮಾತ್ರ, ‘ಪಗಾರ ಮರಾಠ್ಯಾಗ ಕೇಳಬೇಕು, ಬೈಗುಳ ಕನ್ನಡದಾಗ ಬೈಬೇಕು’ ಎಂದು ನಗುತ್ತಿದ್ದರು.

1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ಸೇರಿತು. ಹಳೆಯ ಅಕ್ಕಲಕೋಟ ಸಂಸ್ಥಾನ ಅಷ್ಟರೊಳಗೆ ಸೋಲಾಪುರ ಜಿಲ್ಲೆಯ ಪಾಲಾಗಿತ್ತು, ಅಲ್ಲೇ ಉಳಿಯಿತು. 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಅಕ್ಕಲಕೋಟ ತಾಲ್ಲೂಕು ಈಚೆ ಬರಲಿ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. (ನಮ್ಮವರು ‘ಮಹಾಜನ ವರದಿಯೇ ಅಂತಿಮ’ ಎಂದು ಕೂಗುವಾಗ, ನಿಪ್ಪಾಣಿ ಆಚೆಗೆ ಹೋಗಲಿ ಎಂದದ್ದೂ ಅದೇ ವರದಿ ಎಂಬುದು ನೆನಪಿರುವುದಿಲ್ಲ.) 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಅತ್ತಿ ತೀರಿಕೊಂಡಳು.

ಆ ಮನೆಯ ಕನ್ನಡವನ್ನು ಯಾರೂ ಬಡಿಗೆ ಹಿಡಿದು ಓಡಿಸಲಿಲ್ಲ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ ಊರಲ್ಲೇ ಇತ್ತು. ಅತ್ತಿಯ ಮೊಮ್ಮಗ ಅಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ. ಮುಂದೆ ಹೈಸ್ಕೂಲು ಮರಾಠಿ, ಪೊಲೀಸ್ ಭರ್ತಿಯ ಅರ್ಜಿ ಮರಾಠಿ, ಹೊಲದ ಉತಾರ ತೆಗೆಸಹೋದರೆ ಅದು ‘ಸಾತಬಾರಾ’. ಸಂವಿಧಾನದ 350ಎ ವಿಧಿ ತಾಯ್ನುಡಿಯ ಕಲಿಕೆಯ ಬಗ್ಗೆ ಹೇಳುವುದು ಪ್ರಾಥಮಿಕ ಹಂತದ ಮಟ್ಟಿಗೆ. ಅವನು ತನ್ನ ಮಕ್ಕಳನ್ನು ಒಂದನೆಯ ಇಯತ್ತೆಗೇ ಮರಾಠಿ ಶಾಲೆಗೆ ಹಾಕಿದ. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಆ 350ಎ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಲಂಬಾಣಿ ಹುಡುಗನಿಗೂ ಇತ್ತು. ತಾಂಡಾದಿಂದ ನಡೆದು ಬರುತ್ತಿದ್ದ. ಅವನಿಗೆ ಗೋರ್‌ಬೋಲಿ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಬಾಯಿ ಬಿಟ್ಟರೆ ಒಬ್ಬ ಮಾಸ್ತರು ‘ಕಾಗಿ ಭಾಷಾ ಬ್ಯಾಡ’ ಎಂದು ಕಿವಿ ಹಿಂಡುತ್ತಿದ್ದರು. ನಾವು ನಗುತ್ತಿದ್ದೆವು, ನಾನೂ. ನೀರು ಬೇಕೆಂದು ಕನ್ನಡದಲ್ಲಿ ಕೇಳಲು ಬಾರದೆ ಅವನು ಮಧ್ಯಾಹ್ನದವರೆಗೆ ಸುಮ್ಮನೆ ಕೂತಿದ್ದನ್ನು ನೋಡಿದ್ದೇನೆ. ಈಗ ಅವನ ಮೊಮ್ಮಕ್ಕಳು ಮನೆಯಲ್ಲೂ ಕನ್ನಡವನ್ನೇ ಆಡುತ್ತಾರೆ. ಅದಕ್ಕೆ ನಮ್ಮೂರಲ್ಲಿ ‘ಭಾಳ ಸುಧಾರಿಸ್ಯಾರ’ ಅನ್ನುತ್ತಾರೆ. ಅತ್ತಿಯ ಮನೆಯ ಲಗ್ನಪತ್ರಿಕೆ ತೋರಿಸಿದರೆ ಅದೇ ಊರಿನವರು ‘ಕನ್ನಡ ಸತ್ತು ಹೋತು’ ಅನ್ನುತ್ತಾರೆ.

ಮದುವೆಯಾದ ವಾರಕ್ಕೆ ಮದುಮಗಳ ತಮ್ಮ ನಮ್ಮಲ್ಲಿಗೆ ಬಂದ. ಕರ್ನಾಟಕದ ಸಿಇಟಿಯಲ್ಲಿ ಅಕ್ಕಲಕೋಟ, ದಕ್ಷಿಣ ಸೋಲಾಪುರ, ಜತ್ತ, ಗಡಹಿಂಗ್ಲಜದ ಕನ್ನಡ ಮನೆಗಳ ಮಕ್ಕಳಿಗೆ ಗಡಿನಾಡು ಕನ್ನಡಿಗರೆಂದು ಅರ್ಜಿ ಹಾಕಲು ಬರುತ್ತದೆ; ಕನ್ನಡ ಬರುತ್ತದೆಂದು ಪರೀಕ್ಷೆ ಕೊಡಬೇಕು.

‘ಅಜ್ಜಾ, ಒಂದ ತಿಂಗಳದಾಗ ಬರೀಲಿಕ್ಕ ಕಲಸ್ತೀರೇನ್ರಿ?’ ಎಂದ. ಮಾತು ಥೇಟ್ ಅತ್ತಿಯದೇ.

ನೋಟಬುಕ್ಕು ಕೊಟ್ಟೆ. ತನ್ನ ಹೆಸರು ಬರೆದ, ಕೆಳಗೆ ‘ಲಚ್ಯಾಣ’ ಎಂದು ಬರೆದ. ಬರೆದು ಮುಗಿಸಿ, ಪೆನ್ಸಿಲ್ ಎತ್ತದೆ ಎಲ್ಲ ಅಕ್ಷರಗಳ ನೆತ್ತಿಯ ಮೇಲೂ ಎಡದಿಂದ ಬಲಕ್ಕೆ ಒಂದೇ ಗೆರೆ ಎಳೆದ, ನಾಗರಿಗೆ ಎಳೆಯುವ ಹಾಗೆ. ರಬ್ಬರು ಹುಡುಕಿ ಗೆರೆ ಅಳಿಸಿಸಿ, ತಲೆಕಟ್ಟು ಇರುವ ಅಕ್ಷರಗಳಿಗಷ್ಟೇ ಅದನ್ನು ಬೇರೆಬೇರೆಯಾಗಿ ಹಾಕಿಸುವಷ್ಟರಲ್ಲಿ ಸಂಜೆಯ ಗಾಡಿಯ ಹೊತ್ತಾಯಿತು.